ಗೃಹವಿಕ್ರಯ ಮತ್ತು ಅಚೌರ್ಯಾಣುವ್ರತ

ಗೃಹಸ್ಥ ಎಂಬ ಶಬ್ದದೊಳಗೇ ಗೃಹವಿದೆ. ಶ್ರಾವಕನನ್ನು ಅಗಾರಿಯೆಂದೂ ಮುನಿಯನ್ನು ಅನಗಾರನೆಂದೂ ಕರೆದ ಪೂರ್ವಾಚಾರ್ಯರು, ಇವರಿಬ್ಬರ ಭೇದವನ್ನು ಹೇಳಲು ಮನೆಯೆಂಬ ಒಂದೇ ವಸ್ತುವನ್ನು ಆರಿಸಿಕೊಂಡರು. ಮನೆಯೊಡನೆ ಸಂಬಂಧವಿರುವವರೆಗೆ ವ್ರತಗಳು ಅಣುವಾಗಿರುತ್ತವೆ. ಆ ಸಂಬಂಧ ಕಳಚಿದಾಗ ಅವೇ ಮಹಾವ್ರತಗಳಾಗುತ್ತವೆ. ಹೀಗಿರುವಾಗ, ಮನೆಯ ಕ್ರಯವಿಕ್ರಯದಲ್ಲಿ ನಡೆಯುವ ನ್ಯಾಯಾನ್ಯಾಯಗಳು ಕೇವಲ ವ್ಯಾಪಾರದ ವಿಷಯ, ಧರ್ಮಚಿಂತನೆಗೆ ಅಲ್ಲಿ ಸ್ಥಳವಿಲ್ಲ ಎನ್ನುವುದು ಸರಿಯಾಗಲಾರದು.

ಒಂದೆರಡು ತಲೆಮಾರುಗಳ ಹಿಂದೆ ಗೃಹಸ್ಥನು ಮನೆಯನ್ನು ಕಟ್ಟಿಸುತ್ತಿದ್ದನು. ಮೇಸ್ತ್ರಿಯನ್ನು ತಾನೇ ಗೊತ್ತುಮಾಡಿ, ಬೆಳಗು ಸಂಜೆ ಕೆಲಸದ ಸ್ಥಳಕ್ಕೆ ಹೋಗಿ, ಮರಳಿನಲ್ಲಿ ಮಣ್ಣು ಹೆಚ್ಚಿದ್ದರೆ ಗಾಡಿಯನ್ನು ಹಿಂದಕ್ಕೆ ಕಳುಹಿಸುತ್ತಿದ್ದನು. ಇಂದು ಬೆಂಗಳೂರಿನಂತಹ ನಗರಗಳಲ್ಲಿ ಬಹುಪಾಲು ಕುಟುಂಬಗಳು ಮನೆಯನ್ನು ಕೊಳ್ಳುತ್ತವೆ, ಅದೂ ಎಷ್ಟೋ ಸಲ ಅದು ಇನ್ನೂ ಕಾಗದದ ಮೇಲಿರುವಾಗಲೇ. ಹದಿನೈದು ಇಪ್ಪತ್ತು ವರ್ಷಗಳ ಸಂಬಳವನ್ನು ಸಾಲದ ಕಂತಿಗೆ ಒತ್ತೆಯಿಟ್ಟು ಪಡೆಯುವ ಈ ವಸ್ತುವನ್ನು ಕೊಳ್ಳುವವನು ಒಳಹೊಕ್ಕು ಪರೀಕ್ಷಿಸಲಾರನು. ತೆಂಗಿನಕಾಯಿಯನ್ನಾದರೂ ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳಬಹುದು. ಗೋಡೆಯನ್ನು ಹಾಗೆ ನೋಡುವಂತಿಲ್ಲ. ಅವನಿಗೆ ಕಾಣುವುದು ನೆಲದ ಹಾಸು, ಬಾಗಿಲಿನ ಮರ, ಬಣ್ಣ, ನಲ್ಲಿ. ಕಾಣದಿರುವುದು ಬಹಳ. ತಾರಸಿಯ ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸಿದರು? ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಒಣಹವೆಯ ಬಿಸಿಲಿನಲ್ಲಿ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಭಾರತೀಯ ಮಾನಕ ಸಂಸ್ಥೆಯ ಕಾಂಕ್ರೀಟ್ ಸಂಹಿತೆ ವಿಧಿಸುತ್ತದೆ. ಸ್ನಾನಗೃಹದ ಹಾಸಿನ ಕೆಳಗೆ ನೀರು ಇಳಿಯದಂತೆ ಬಳಿಯಬೇಕಾದ ಲೇಪವನ್ನು ಬಳಿದರೋ ಇಲ್ಲವೋ? ಬಳಿದ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸಿದರೋ? ಕೊಳವೆಯ ಸಂಧಿಗಳನ್ನು ಮುಚ್ಚುವ ಮೊದಲು ನೋಡಿದರೋ? ಇವೆಲ್ಲಕ್ಕೂ ಉತ್ತರ ತಿಳಿದಿರುವವರು ಆ ದಿನ ಅಲ್ಲಿ ನಿಂತಿದ್ದವರು ಮಾತ್ರ. ಅನಂತರ ಗಾರೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಕೀಲಿಕೈ ಪಡೆದು, ಗೃಹಪ್ರವೇಶ ಮುಗಿಸಿ, ಮೊದಲ ಮಳೆಗಾಲ ಬಂದಾಗ ಮಲಗುವ ಕೋಣೆಯ ಗೋಡೆಯಲ್ಲಿ ತೇವ ಏರುತ್ತದೆ. ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ. ಜನರ ಬಾಯಲ್ಲಿ ಬಿಲ್ಡರ್ ಎನಿಸಿಕೊಂಡಿರುವ ಗೃಹನಿರ್ಮಾಪಕನ ಕಚೇರಿಗೆ ಸುದ್ದಿ ಹೋಗುತ್ತದೆ. ಮೊದಮೊದಲು ಆಳನ್ನು ಕಳುಹಿಸುವ ಭರವಸೆ, ಬಳಿಕ ಮೌನ, ಕೊನೆಗೆ ಒಂದು ಮಾತು: ತಾವು ನೋಡಿಯೇ ಕೊಂಡಿರಿ, ಸಹಿ ಮಾಡಿಯೇ ಕೀಲಿ ತೆಗೆದುಕೊಂಡಿರಿ. ಈ ಮಾತಿನಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಹಣ ಸಂದು ವಸ್ತು ಕೈದಾಟಿದ ಕ್ಷಣದಲ್ಲಿ ಮಾರಿದವನ ಋಣ ತೀರಿತೇ?

ದೇಶದ ಕಾನೂನು ತೀರಲಿಲ್ಲವೆಂದೇ ಹೇಳಿದೆ, ಆದರೆ ಅದನ್ನು ಹೇಳುವುದಕ್ಕೆ ಕಾಲ ತೆಗೆದುಕೊಂಡಿತು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸೇವೆಯ ವ್ಯಾಖ್ಯೆಗೆ ಗೃಹನಿರ್ಮಾಣ ಎಂಬ ಪದ ಸೇರಿದುದು 1993ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ, ಮನೆ ಕಟ್ಟಿಕೊಡುವುದೂ ಸೇವೆಯೇ, ಅದರ ನ್ಯೂನತೆಗೆ ಸರ್ಕಾರಿ ಪ್ರಾಧಿಕಾರವೂ ಹೊಣೆಯೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮುಂದೆ 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮ, ಜನರು ರೇರಾ ಎನ್ನುವುದು, ಇನ್ನಷ್ಟು ಸ್ಪಷ್ಟವಾಗಿ ಮಾತನಾಡಿತು. ಮನೆಯನ್ನು ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದಲ್ಲಾಗಲಿ, ಗುಣಮಟ್ಟದಲ್ಲಾಗಲಿ ದೋಷವಿದೆಯೆಂದು ತಿಳಿಸಿದರೆ, ನಿರ್ಮಾಪಕನು 30 ದಿನಗಳೊಳಗೆ ಅದನ್ನು ಹಣ ಕೇಳದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಕೀಲಿ ಕೊಡುವಾಗ ಪಡೆದ ಸಹಿ ಈ ಹೊಣೆಯನ್ನು ಅಳಿಸಲಾರದು. ತೇವ ಕಂಡವನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ದಿನಾಂಕ ಸಹಿತ ಬರೆದು ತಿಳಿಸಬೇಕಾದುದು ಈ ಕಾರಣಕ್ಕಾಗಿಯೇ. ಆದೇಶ ಬಂದ ಮೇಲೂ ಹಣ ಕೈಸೇರಲು ವರ್ಷಗಟ್ಟಲೆ ಕಾದವರಿದ್ದಾರೆ ಎಂಬುದು ಬೇರೆ ಮಾತು.

ಋಣದ ಸ್ವರೂಪವನ್ನು ಇನ್ನೂ ಚೆನ್ನಾಗಿ ತೋರಿಸುವ ಒಂದು ಮೊಕದ್ದಮೆ ಮುಂಬಯಿಯದು. ಅಲ್ಲಿನ ಒಂದು ಗೃಹ ಸಹಕಾರ ಸಂಘದ ಸದಸ್ಯರಿಗೆ 1997ರಲ್ಲಿ ಮನೆಗಳು ಕೈಸೇರಿದವು. ಆದರೆ ನಗರಪಾಲಿಕೆಯಿಂದ ದೊರೆಯಬೇಕಾದ ಸ್ವಾಧೀನಾನುಭವ ಪತ್ರವನ್ನು ನಿರ್ಮಾಪಕರು ತರಲಿಲ್ಲ. ಅದಿಲ್ಲದ ಕಾರಣ ನಿವಾಸಿಗಳು ಆಸ್ತಿ ತೆರಿಗೆಯನ್ನು ಶೇಕಡ 25ರಷ್ಟು, ನೀರಿನ ಶುಲ್ಕವನ್ನು ಶೇಕಡ 50ರಷ್ಟು ಹೆಚ್ಚಾಗಿ ತೆರುತ್ತ ಬಂದರು. ಕಾಲ ಮೀರಿತೆಂಬ ಕಾರಣದಿಂದಲೂ ಅವರ ದೂರು ಒಮ್ಮೆ ತಳ್ಳಿಹೋಯಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಅಭಿಪ್ರಾಯವನ್ನು ಬದಿಗಿರಿಸಿ, ಪತ್ರ ಕೊಡದಿರುವುದು ಒಂದು ದಿನ ನಡೆದು ಮುಗಿದ ತಪ್ಪಲ್ಲ, ದಿನದಿನವೂ ಮುಂದುವರಿಯುತ್ತಿರುವ ತಪ್ಪು ಎಂದಿತು. ಧರ್ಮಶಾಸ್ತ್ರವನ್ನು ಓದಿದವರಿಗೆ ಈ ವಾದ ಅಪರಿಚಿತವೆನಿಸದು. ಮಾಡಿದ ಕರ್ಮ ಮಾಡಿದ ದಿನವೇ ಮುಗಿಯುವುದಿಲ್ಲವಷ್ಟೆ.

ಕಾನೂನು 5 ವರ್ಷವೆಂದು ಗೆರೆ ಎಳೆಯುತ್ತದೆ, ಎಲ್ಲಿಯಾದರೂ ಎಳೆಯಲೇಬೇಕು. ಆರನೆಯ ವರ್ಷ ಕಾಣಿಸಿಕೊಂಡ ಸೋರಿಕೆಗೆ ಕಾರಣ ಮೊದಲ ವರ್ಷದ ಕಳ್ಳಗೆಲಸವೇ ಆಗಿದ್ದರೆ, ವ್ರತಿಯಾದವನು ಆ ಗೆರೆಯ ಆಚೆ ನಿಂತು ಸಮಾಧಾನಪಡಬಹುದೇ? ಇದಕ್ಕೆ ಉತ್ತರ ಹುಡುಕುವವರು ಅಚೌರ್ಯಾಣುವ್ರತದ ಅತಿಚಾರಗಳನ್ನು ಗಮನಿಸಬೇಕು. ಕಳ್ಳತನವೆಂದರೆ ಕನ್ನ ಕೊರೆಯುವುದೆಂದಷ್ಟೇ ಆಚಾರ್ಯರು ತಿಳಿದಿರಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬೆರಡು ಅಂಗಡಿಯಲ್ಲಿ ಕುಳಿತವನನ್ನೇ ಉದ್ದೇಶಿಸಿದವು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಇಟ್ಟುಕೊಳ್ಳುವುದು ಮೊದಲನೆಯದು. ಉತ್ತಮ ವಸ್ತುವಿನ ಸ್ಥಾನದಲ್ಲಿ ಅದರಂತೆಯೇ ಕಾಣುವ ಕೀಳು ವಸ್ತುವನ್ನು ಸೇರಿಸಿ ಮಾರುವುದು ಎರಡನೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರ ಎಂದರು. ಧಾನ್ಯ, ತುಪ್ಪ, ಚಿನ್ನಗಳ ವ್ಯಾಪಾರಿಗಳನ್ನು ಕಂಡು ರೂಪಿಸಿದ ಈ ಪದಗಳು ಇಂದಿನ ಗೃಹವಿಕ್ರಯಕ್ಕೆ ಎಷ್ಟು ಹೊಂದುತ್ತವೆಯೆಂದರೆ, ಓದುವವರಿಗೆ ತುಸು ಮುಜುಗರವೇ ಆಗಬೇಕು.

ಅಳತೆಯ ವಿಷಯವನ್ನು ನೋಡಿದರೆ ಸಾಕು. ಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟಿನ ಜಾಗ, ಪಡಸಾಲೆಯ ಪಾಲು ಎಲ್ಲವನ್ನೂ ಕೂಡಿಸಿ ಸೂಪರ್ ಬಿಲ್ಟ್ಅಪ್ ಎಂಬ ಹೆಸರಿನಲ್ಲಿ ಚದರಡಿಯ ಲೆಕ್ಕ ಹೇಳುವ ಪದ್ಧತಿ ಬಹುಕಾಲ ನಡೆಯಿತು. ಕೂಡಿಸುವ ಅಂಶಕ್ಕೆ ಎಲ್ಲರೂ ಒಪ್ಪಿದ ಪ್ರಮಾಣವೊಂದಿರಲಿಲ್ಲ. ಒಳಗೆ ಕಾಲಿಟ್ಟು ಬಳಸಬಹುದಾದ ಕಾರ್ಪೆಟ್ ವಿಸ್ತೀರ್ಣವನ್ನು 2016ರ ಅಧಿನಿಯಮ ವ್ಯಾಖ್ಯಾನಿಸಿ, ಅದನ್ನು ತಿಳಿಸುವುದನ್ನು ಕಡ್ಡಾಯ ಮಾಡಬೇಕಾಯಿತು. ಇನ್ನು ಎರಡು ಕೊಳಗಗಳ ಮಾತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಗುರುಗ್ರಾಮದ ಒಂದು ಪ್ರಕರಣದ ಕರಾರಿನಲ್ಲಿ, ಕೊಳ್ಳುವವನು ಕಂತು ತಡಮಾಡಿದರೆ ಶೇಕಡ 18 ಬಡ್ಡಿ, ನಿರ್ಮಾಪಕನೇ ತಪ್ಪಿ ಹಣ ಹಿಂದಿರುಗಿಸಬೇಕಾದರೆ ಶೇಕಡ 9 ಬಡ್ಡಿ ಎಂದಿತ್ತು. ನ್ಯಾಯಾಲಯ ಇಂತಹ ಏಕಪಕ್ಷೀಯ ಷರತ್ತುಗಳನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದು, ಕೊಳ್ಳುವವನನ್ನು ಅವುಗಳಿಗೆ ಕಟ್ಟಿಹಾಕಲಾಗದೆಂದಿತು. ಸಹಿ ಇತ್ತು, ಒಪ್ಪಿಗೆಯೂ ಇತ್ತು. ಅಳತೆ ಮಾತ್ರ ಎರಡು ಬಗೆಯದಾಗಿತ್ತು.

ಇದಕ್ಕಿಂತ ಸೂಕ್ಷ್ಮವಾದುದು ನ್ಯಾಸಾಪಹಾರ. ಇದು ಸತ್ಯಾಣುವ್ರತದ ಅತಿಚಾರವೆಂದು ಗಣಿತವಾಗಿದೆ. ಒಬ್ಬನು ಹಣವನ್ನು ನಂಬಿ ಇಟ್ಟು, ಎಷ್ಟಿಟ್ಟೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನಿಗೆ ನಿಜವಾದ ಸಂಖ್ಯೆ ಗೊತ್ತು. ಆದರೂ ಹಾಗೆಯೇ ಆಗಲಿ ಎಂದು ಅಷ್ಟನ್ನೇ ಕೊಡುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ ಈ ಪ್ರಸಂಗದಲ್ಲಿ ಇಟ್ಟುಕೊಂಡವನು ಸುಳ್ಳೊಂದನ್ನೂ ಹುಟ್ಟಿಸಿ ಹೇಳಲಿಲ್ಲ. ಇನ್ನೊಬ್ಬನ ಮರೆವಿಗೆ ಸಮ್ಮತಿಯಿತ್ತನು, ಅಷ್ಟೆ. ವಸತಿ ಸಮುಚ್ಚಯಗಳಲ್ಲಿ ನೋಂದಣಿಯ ಸಮಯದಲ್ಲಿ ಪ್ರತಿ ಮನೆಯಿಂದ ನಿರ್ವಹಣೆಗೆಂದು, ಮೂಲನಿಧಿಗೆಂದು ಹಣ ಪಡೆಯುವ ರೂಢಿಯಿದೆ. ಅದು ನಿವಾಸಿಗಳ ಹಣ. ಸಂಘ ಸ್ಥಾಪನೆಯಾದ ಮೇಲೆ ಲೆಕ್ಕಸಹಿತ ಅವರಿಗೆ ಹಿಂದಿರುಗಬೇಕಾದ ನ್ಯಾಸ. ಆದರೆ ನೂರಾರು ಮನೆಗಳವರು ಬೇರೆ ಬೇರೆ ವರ್ಷ, ಬೇರೆ ಬೇರೆ ಮೊತ್ತ ಕಟ್ಟಿರುತ್ತಾರೆ. ಕೆಲವರು ಮನೆ ಮಾರಿ ಹೋಗಿರುತ್ತಾರೆ. ಸಂಘದ ಹೊಸ ಕಾರ್ಯದರ್ಶಿಯ ಬಳಿ ಒಂದು ಅಂದಾಜು ಪಟ್ಟಿಯಿರುತ್ತದೆ, ನಿರ್ಮಾಪಕನ ಬಳಿ ಪೂರ್ಣ ಖಾತೆಯಿರುತ್ತದೆ. ಕಾರ್ಯದರ್ಶಿ ಅಂದಾಜಿನ ಮೊತ್ತವನ್ನು ಕೇಳುತ್ತಾನೆ. ಎದುರಿಗಿರುವವನು ಒಂದು ಕ್ಷಣ ಯೋಚಿಸಿ, ಆಗಲಿ ಎನ್ನುತ್ತಾನೆ.

ಇಲ್ಲಿ ನಿರ್ಮಾಪಕರ ಪರವಾಗಿ ಒಂದು ಸಮಾಧಾನ ಹೇಳಬಹುದು. ಎಲ್ಲ ದೋಷವೂ ವಂಚನೆಯಲ್ಲ. ಗಾರೆ ಒಣಗುವಾಗ ಕೂದಲೆಳೆಯಂತಹ ಬಿರುಕು ಮೂಡುವುದು ಸಹಜ. ಕೊಂಡವರೇ ಗೋಡೆ ಒಡೆದು, ಕೊಳವೆ ತಿರುಗಿಸಿ, ಬಳಿಕ ಕಟ್ಟಿದವನನ್ನು ದೂರುವುದೂ ಉಂಟು. ಅಲ್ಲದೆ ಗುತ್ತಿಗೆ, ಒಳಗುತ್ತಿಗೆ, ಅದರೊಳಗೆ ಇನ್ನೊಂದು ಗುತ್ತಿಗೆ ಎಂದು ಕೆಲಸ ಹಂಚಿಹೋದಾಗ, ಯಾವ ಮನೆಯ ಯಾವ ಸ್ನಾನಗೃಹದಲ್ಲಿ ಲೇಪ ತಪ್ಪಿತೆಂಬುದು ಒಡೆಯನಿಗೆ ನಿಜವಾಗಿಯೂ ತಿಳಿದಿರದೆ ಇರಬಹುದು. ತಿಳಿಯದೆ ಆದುದಕ್ಕೆ ಪಾಪವುಂಟೇ? ಜೈನ ನೀತಿಶಾಸ್ತ್ರದ ಉತ್ತರ ಬಿಗಿಯಾಗಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮತ್ತಯೋಗವನ್ನು ಮುಂದಿಟ್ಟರು. ಎಚ್ಚರದಿಂದ ನೆಲ ನೋಡಿ ನಡೆಯುವ ಮುನಿಯ ಪಾದದಡಿ ಜೀವಿಯೊಂದು ಸಿಕ್ಕಿ ಸತ್ತರೆ ಬಂಧವಿಲ್ಲ. ಎಚ್ಚರಗೇಡಿಯ ಕಾಲ ಕೆಳಗೆ ಏನೂ ಸಾಯದಿದ್ದರೂ ದೋಷವುಂಟು. ಹಾಗಾದರೆ, ಲೇಪವನ್ನು ಪರೀಕ್ಷಿಸಲು ಒಬ್ಬ ಇಂಜಿನಿಯರನ್ನು ನಿಲ್ಲಿಸದಿರುವುದು, ನಿಲ್ಲಿಸಿದರೂ ಅವನಿಗೆ ದಿನಕ್ಕೆ ಇಪ್ಪತ್ತು ಮನೆಗಳ ಹೊಣೆ ಹೊರಿಸುವುದು, ತಿಳಿಯದಿರುವಿಕೆಯಲ್ಲ, ತಿಳಿಯಬಾರದೆಂಬ ಏರ್ಪಾಡು. ಇದು ಬಹುಶಃ ಬೇಕೆಂದೇ ಮಾಡಿದ ಕಲಬೆರಕೆಗಿಂತ ಹೆಚ್ಚು ಸಾಮಾನ್ಯವಾದ ದೋಷ. ಮಾಡುವವನಿಗೆ ರಾತ್ರಿ ನಿದ್ದೆ ಬರುವಂತೆ ಮಾಡುವುದೂ ಇದೇ.

ಇದರ ಫಲವನ್ನು ಉಣ್ಣುವವರು ಅಕ್ಕಪಕ್ಕದವರು. ಎರಡನೆಯ ಮಹಡಿಯ ಸ್ನಾನಗೃಹದ ನೀರು ಮೊದಲನೆಯ ಮಹಡಿಯ ಅಡುಗೆಮನೆಗೆ ತೊಟ್ಟಿಕ್ಕುತ್ತದೆಯೆಂದು ಊಹಿಸಿಕೊಳ್ಳಬಹುದು. ಕೆಳಗಿನವರು ಮೇಲೆ ಹೋಗಿ ಕೇಳುತ್ತಾರೆ. ಮೇಲಿನವರ ನೆಲ ಒಣಗಿದೆ, ಹಾಸು ಹೊಸದು, ಅವರಿಗೆ ಯಾವ ತೊಂದರೆಯೂ ಇಲ್ಲ. ಸರಿಪಡಿಸಬೇಕಾದರೆ ಅವರ ಹಾಸನ್ನು ಒಡೆಯಬೇಕು. ವಾರಗಟ್ಟಲೆ ಸ್ನಾನಕ್ಕೆ ಪರದಾಡಬೇಕು. ನಮ್ಮ ತಪ್ಪೇನು ಎಂದು ಅವರು ಕೇಳುತ್ತಾರೆ. ಕೆಳಗಿನವರೂ ಅದನ್ನೇ ಕೇಳುತ್ತಾರೆ. ಇಬ್ಬರದೂ ನ್ಯಾಯವಾದ ಪ್ರಶ್ನೆ. ತಪ್ಪು ಮಾಡಿದವನು ಆ ವೇಳೆಗೆ ಬೇರೆ ಬಡಾವಣೆಯಲ್ಲಿ ಬೇರೆ ಹೆಸರಿನ ಕಟ್ಟಡದ ಭೂಮಿಪೂಜೆಯಲ್ಲಿರುತ್ತಾನೆ. ಪರಸ್ಪರ ಹಬ್ಬದ ಸಿಹಿ ಹಂಚಿಕೊಳ್ಳುತ್ತಿದ್ದ ಎರಡು ಕುಟುಂಬಗಳು ಮೆಟ್ಟಿಲಿನಲ್ಲಿ ಎದುರಾದಾಗ ಮುಖ ತಿರುಗಿಸುತ್ತವೆ. ಉಳಿಸಿದ ಲೇಪದ ಬೆಲೆ ಕೆಲವು ಸಾವಿರ ರೂಪಾಯಿಗಳಿರಬಹುದು. ಈ ಕಷಾಯದ ಲೆಕ್ಕವನ್ನು ಯಾವ ನ್ಯಾಯಾಧಿಕರಣವೂ ಪರಿಹಾರದ ಮೊತ್ತಕ್ಕೆ ಸೇರಿಸುವುದಿಲ್ಲ.

ಹಾಗೆಂದು ಕೊಳ್ಳುವವನು ಸದಾ ನಿರ್ದೋಷಿಯೆಂದು ತಿಳಿಯಬೇಕಾಗಿಲ್ಲ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದುದನ್ನು ನಗದಾಗಿ ಕೊಡುವ ಅಭ್ಯಾಸ ಧರ್ಮನಿಷ್ಠರೆನಿಸಿಕೊಂಡ ಮನೆಗಳಲ್ಲಿಯೂ ಇಲ್ಲದಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಕೂಟಲೇಖಕ್ರಿಯೆಯೆಂಬ ನೇರವಾದ ಹೆಸರಿದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಸ್ವೀಕರಿಸುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿತು. ವಿವಾದ ಎದ್ದ ದಿನ ಇಂತಹ ಗೃಹಸ್ಥನು ತಾನು ಕೊಟ್ಟ ಹಣವನ್ನು ಕೊಟ್ಟೆನೆಂದು ಬಾಯಿಬಿಟ್ಟು ಹೇಳಲಾರನು.

ಇಷ್ಟಾದ ಮೇಲೆ ಸಮಾಜದೊಳಗೆ ಮಾತ್ರ ಕೇಳಿಬರುವ ಒಂದು ಆಕ್ಷೇಪವನ್ನು ವಿಚಾರ ಮಾಡಬೇಕು. ಮನೆ ಮಾರಿದವನೂ ಕೊಂಡವನೂ ಒಂದೇ ಬಸದಿಯ ಶ್ರಾವಕರಾಗಿದ್ದರೆ? ಸಾಧರ್ಮಿಕನ ಮೇಲೆ ದೂರು ಕೊಡುವುದು ಸಲ್ಲದು, ಉತ್ತಮಕ್ಷಮೆಯನ್ನು ದಶಲಕ್ಷಣಗಳಲ್ಲಿ ಮೊದಲನೆಯದಾಗಿ ಇಟ್ಟಿರುವುದು ಏತಕ್ಕೆ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಕ್ಷಮೆಯೆಂದರೆ ಕ್ರೋಧಕಷಾಯದ ಉಪಶಮ. ಅದು ಮನಸ್ಸಿಗೆ ಸಂಬಂಧಿಸಿದ್ದು. ಬರಬೇಕಾದ ದುರಸ್ತಿಯನ್ನು ಕೇಳದೆ ಬಿಡುವುದು ಬೇರೆ. ಅದು ತ್ಯಾಗವಾಗಬಹುದು, ಅಂಜಿಕೆಯೂ ಆಗಬಹುದು, ದಾಕ್ಷಿಣ್ಯವೂ ಆಗಬಹುದು. ಕೋಪವಿಲ್ಲದೆ, ನಿಂದೆಯಿಲ್ಲದೆ, ಇದ್ದುದನ್ನು ಇದ್ದಂತೆ ಬರೆದು ಪ್ರಾಧಿಕಾರಕ್ಕೆ ಸಲ್ಲಿಸಿದ ದೂರಿನಲ್ಲಿ ಕ್ಷಮೆಗೆ ವಿರುದ್ಧವಾದುದು ಏನೂ ಇಲ್ಲ. ದೂರು ಕೊಡದೆ ಮನೆಮನೆಗೆ ಹೋಗಿ ಆಡಿಕೊಳ್ಳುವುದರಲ್ಲಿ ಮಾತ್ರ ಪೈಶೂನ್ಯದ ದೋಷವಿದೆ; ಸಮಾಜದಲ್ಲಿ ಹೆಚ್ಚು ನಡೆಯುವುದು ಈ ಎರಡನೆಯದೇ ಎನ್ನಬೇಕಾಗಿದೆ. ತಾನೊಬ್ಬನೇ ನಷ್ಟ ಸಹಿಸುವವನಿಗೆ ತ್ಯಾಗದ ಸ್ವಾತಂತ್ರ್ಯವುಂಟು. ಆದರೆ ಸೋರುವ ತಾರಸಿ ಅರವತ್ತು ಮನೆಗಳಿಗೆ ಸೇರಿದ್ದಾದಾಗ, ಸಂಘದ ಅಧ್ಯಕ್ಷನು ತನ್ನ ಸ್ನೇಹಕ್ಕಾಗಿ ಅರವತ್ತು ಮನೆಗಳ ಪರವಾಗಿ ಕ್ಷಮಿಸಲು ಅಧಿಕಾರ ಕೊಟ್ಟವರು ಯಾರು?

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಧಾರಾಳವಾಗಿ ಕೊಡುವವರಲ್ಲಿ ಗೃಹನಿರ್ಮಾಪಕರೂ ಇದ್ದಾರೆ. ಅವರಲ್ಲಿ ಬಹಳ ಜನ ಸಜ್ಜನರು. ಆದರೆ ನಿರ್ವಹಣಾ ನಿಧಿಯನ್ನು ಹಿಂದಿರುಗಿಸದೆ ಉಳಿಸಿಕೊಂಡವನ ಹೆಸರನ್ನು ಮಾನಸ್ತಂಭದ ಬಳಿಯ ಶಿಲೆಯಲ್ಲಿ ಕೆತ್ತಿಸುವಾಗ, ಆ ನಿಧಿಗೆ ಹಣ ಕಟ್ಟಿದ ಕುಟುಂಬವೂ ಅದೇ ಬಸದಿಗೆ ದರ್ಶನಕ್ಕೆ ಬರುತ್ತದೆಂಬುದನ್ನು ಮಂಡಳಿ ನೆನೆಯಬೇಕು. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳಲು ತೊಡಗಿದಾಗ ಮೊದಲು ಇಟ್ಟುದು ನ್ಯಾಯದಿಂದ ಗಳಿಸಿದ ಧನವನ್ನು. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರೂ ಯೋಗಶಾಸ್ತ್ರದಲ್ಲಿ ಅದನ್ನೇ ಮೊದಲು ಇಟ್ಟರು. ದಾನ ಅನಂತರದ ಮಾತು. ಹಾಗೆಂದು ಪ್ರತಿಯೊಬ್ಬ ದಾನಿಯ ಖಾತೆಯನ್ನು ಮಂಡಳಿ ತಪಾಸಣೆ ಮಾಡಲಾಗುವುದೇ? ಆಗದು, ಮಾಡಲೂ ಬಾರದು. ಆದರೆ ಸಮಾಜದವರೇ ಲಿಖಿತವಾಗಿ ಅಳಲು ತೋಡಿಕೊಂಡಿರುವಾಗ, ಇಬ್ಬರನ್ನೂ ಒಂದೆಡೆ ಕೂರಿಸಿ ಲೆಕ್ಕಪತ್ರ ನೋಡಿಸುವಷ್ಟು ಶಕ್ತಿ ಒಂದು ಮಂಡಳಿಗೆ ಇರುತ್ತದೆ. ಆ ಶಕ್ತಿಯನ್ನು ದೇಣಿಗೆಯ ಭಯದಿಂದ ಬಳಸದಿರುವುದನ್ನು ತಾಟಸ್ಥ್ಯವೆಂದು ಕರೆಯುವುದು ಕಷ್ಟ.

ಕೊನೆಗೆ ಉಳಿಯುವುದು ಯಾರೂ ಅಷ್ಟಾಗಿ ಮಾತನಾಡದ ಒಂದು ಸಂದರ್ಭ. ದುರಸ್ತಿಗಾಗಿ ಅಲೆದು ಬೇಸತ್ತ ಗೃಹಸ್ಥನು ಒಂದು ದಿನ ಆ ಮನೆಯನ್ನೇ ಮಾರಿಬಿಡಲು ನಿಶ್ಚಯಿಸುತ್ತಾನೆ. ಮಾರುವುದಕ್ಕೆ ಒಳ್ಳೆಯ ಕಾಲ ಮಾಘ ಫಾಲ್ಗುಣಗಳೆಂದು ದಲ್ಲಾಳಿ ಹೇಳುತ್ತಾನೆ, ಆಗ ಗೋಡೆ ಒಣಗಿರುತ್ತದೆ. ಪುಟ್ಟಿ ಹಚ್ಚಿ ಎರಡು ಸುತ್ತು ಬಣ್ಣ ಬಳಿಸಿದರೆ ಏನೂ ಕಾಣುವುದಿಲ್ಲ. ಸಂಘದ ಇತರ ಸದಸ್ಯರೂ ಮೆಲ್ಲನೆ ಸೂಚಿಸುತ್ತಾರೆ: ಸೋರುವ ವಿಷಯ ಹೊರಗೆ ತಿಳಿದರೆ ಎಲ್ಲರ ಮನೆಯ ಬೆಲೆಯೂ ಇಳಿಯುತ್ತದೆ. ಅವನಿಗೆ ಸಾಲದ ಬಾಕಿಯಿದೆ, ಮಗಳ ಓದಿದೆ. ತಾನು ಮೋಸಹೋದುದು ನಿಜ, ಆ ನಷ್ಟವನ್ನು ತಾನೊಬ್ಬನೇ ಏಕೆ ಹೊರಬೇಕೆಂಬ ವಾದವೂ ಸುಲಭವಾಗಿ ಹೊಳೆಯುತ್ತದೆ. ಆದರೆ ಗೋಡೆಯೊಳಗಿರುವುದನ್ನು ಬಲ್ಲವನು ಈಗ ಅವನೇ. ಅರಿಯದವನು ಮುಂಗಡ ಹಿಡಿದು ಬಾಗಿಲಲ್ಲಿ ನಿಂತಿರುವ ಇನ್ನೊಬ್ಬ. ಸೋರಿಕೆಯ ವಿಷಯ ಬರೆದುಕೊಟ್ಟು, ದುರಸ್ತಿಯ ಪತ್ರಗಳನ್ನೂ ದೂರಿನ ಪ್ರತಿಯನ್ನೂ ಕೈಗಿತ್ತು ಮಾರಿದರೆ ಬೆಲೆ ಇಳಿಯುವುದು ಖಂಡಿತ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ಮಾರುವವನಿಗೆ ಮಾತ್ರ ತಿಳಿದಿರುವ ಮುಖ್ಯವಾದ ದೋಷವನ್ನು ಮಾರುವವನೇ ಹೊರಗೆಡಹಬೇಕೆಂದು, ಮುಚ್ಚಿಟ್ಟರೆ ಅದು ವಂಚನೆಯೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ಹೇಳುತ್ತದೆ. ಆ ಪ್ರಕರಣ ಬಿಲ್ಡರನೆಂದೂ ಗೃಹಸ್ಥನೆಂದೂ ಭೇದ ಮಾಡುವುದಿಲ್ಲ. ಅಲ್ಲಿರುವುದು ಮಾರುವವನು ಎಂಬ ಒಂದೇ ಪದ.